ಚದರ ಅಡಿಗೆ ಇಷ್ಟು, ಡಿಸೈನ್ ಉಚಿತ

ಕನ್ನಡದ ಪುಸ್ತಕ ವಿಮರ್ಶೆಗಳಲ್ಲಿ ಒಂದು ಸಾಲು ತೀರಾ ಸಾಮಾನ್ಯ. ಲೇಖನದ ಕೊನೆಯಲ್ಲಿ, ಅಚ್ಚಿನ ತಪ್ಪುಗಳ ಬಗ್ಗೆ ಒಂದು ಗೊಣಗಾಟದ ಪಕ್ಕದಲ್ಲಿ, ‘ಮುಖಪುಟ ಸೊಗಸಾಗಿದೆ’ ಎಂದೋ ‘ಮುಖಪುಟ ಆಕರ್ಷಕವಾಗಿದೆ’ ಎಂದೋ ಬರೆದು ಕೈತೊಳೆದುಕೊಳ್ಳುತ್ತೇವೆ. ಸೊಗಸು ಎಲ್ಲಿದೆ, ಶೀರ್ಷಿಕೆಯ ಅಕ್ಷರವನ್ನು ಕೈಯಲ್ಲಿ ಬರೆದರೋ ಕಂಪ್ಯೂಟರಿನಿಂದ ಎತ್ತಿಕೊಂಡರೋ, ಆ ಅಕ್ಷರದ ಮೈಕಟ್ಟು ಒಳಗಿನ ಬರಹದ ದನಿಗೆ ಹೊಂದುತ್ತದೋ ಇಲ್ಲವೋ, ಇದ್ಯಾವುದೂ ಬರುವುದಿಲ್ಲ. ಒಂದು ವಾಕ್ಯದ ಲಯದ ಬಗ್ಗೆ ಎರಡು ಪುಟ ಬರೆಯಬಲ್ಲವರು ಕಣ್ಣೆದುರಿನ ಅಕ್ಷರದ ರೂಪದ ಬಗ್ಗೆ ಎರಡು ಮಾತಿಗಿಂತ ಹೆಚ್ಚು ಆಡಲಾರೆವು. ನಮ್ಮಲ್ಲಿ ಅದಕ್ಕೆ ಭಾಷೆಯೇ ಬೆಳೆದಿಲ್ಲ.

ಇದರಿಂದ ನಷ್ಟವಾಗುವುದು ಯಾರಿಗೆ ಎಂದು ಕೇಳಿದರೆ, ಮುಖಪುಟ ಕಲಾವಿದರಿಗೆ ಎಂಬ ಉತ್ತರ ತಕ್ಷಣ ಹೊಳೆಯುತ್ತದೆ. ಆದರೆ ಇದರ ನಿಜವಾದ ಬೆಲೆ ತೆರುತ್ತಿರುವವರು ಸಾಹಿತ್ಯದ ಓದುಗರು ಕಣ್ಣೆತ್ತಿಯೂ ನೋಡದ ಕಡೆ ಇದ್ದಾರೆ ಎಂದು ನನಗೆ ಅನ್ನಿಸಿದ್ದು ಜಿಗಣಿಯಲ್ಲಿ. ಕೆಲಸದ ಕಾರಣಕ್ಕೆ ವಾರಕ್ಕೆ ಒಂದೆರಡು ಸಲ ಬೊಮ್ಮಸಂದ್ರ–ಜಿಗಣಿ ಲಿಂಕ್ ರಸ್ತೆಯಲ್ಲಿ ಓಡಾಡುತ್ತೇನೆ. ಆನೇಕಲ್ ತಾಲ್ಲೂಕಿನ ಈ ಊರು ಇಂದು ಪುರಸಭೆ. ಒಂದು ಕಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಇನ್ನೊಂದು ಕಡೆ ಸಾಲಾಗಿ ಗ್ರಾನೈಟ್ ಅಂಗಡಿಗಳು, ನಡುವೆ ಪಿ.ಜಿ.ಗಳು, ಮೊಬೈಲ್ ಅಂಗಡಿಗಳು, ಒಡಿಶಾ ಊಟದ ಹೋಟೆಲುಗಳು. ತಮಿಳುನಾಡಿನ ಗಡಿ ಹತ್ತಿರ. ಕನ್ನಡ, ತೆಲುಗು, ತಮಿಳು ಮೊದಲಿನಿಂದಲೂ ಬೆರೆತ ಸೀಮೆಗೆ ಈಗ ಹಿಂದಿ, ಒಡಿಯಾ, ಬಂಗಾಳಿ ಬಂದು ಸೇರಿವೆ. ಇಂಥ ಊರನ್ನು ಓದುವುದೆಂದರೆ ಮೊದಲು ಅದರ ಬೋರ್ಡುಗಳನ್ನು ಓದುವುದು. ಈ ಬರಹ ಆ ಬೋರ್ಡುಗಳ ವಿಮರ್ಶೆ. ಜೊತೆಗೆ ಅವುಗಳನ್ನು ಮಾಡುವವರು ತಮ್ಮ ಕಸುಬನ್ನು ಒಂದು ವೃತ್ತಿಯಾಗಿ ಬೆಳೆಸಿಕೊಳ್ಳಲು ಯಾಕೆ ಆಗುತ್ತಿಲ್ಲ ಎಂಬ ಪ್ರಶ್ನೆ.

2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಕನ್ನಡ ನಾಮಫಲಕಕ್ಕಾಗಿ ನಡೆದ ಪ್ರತಿಭಟನೆ ಎಲ್ಲರಿಗೂ ನೆನಪಿದೆ. ಅದರ ಬೆನ್ನಿಗೇ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ಫಲಕದ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು. ಆ ಬೇಡಿಕೆ ನ್ಯಾಯವಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾನು ನೋಡುತ್ತಿರುವುದು ಅದರ ನಂತರದ ಫಲಿತಾಂಶ. ಕಾನೂನು ಕನ್ನಡವನ್ನು ಅಳೆಯಿತು. ಅಳೆಯಬೇಕಾದದ್ದು ಕಾನೂನಿನ ಕೆಲಸ. ಆದರೆ ಅಳತೆಯ ಆಚೆಗೆ ಇದ್ದದ್ದನ್ನು ನೋಡಿಕೊಳ್ಳಬೇಕಾದವರು ಯಾರು? ಜಿಗಣಿಯ ಒಂದೇ ಬೀದಿಯಲ್ಲಿ 60 ಭಾಗ ತುಂಬಿಸಲು ಅಕ್ಷರಗಳನ್ನು ಅಡ್ಡಕ್ಕೆ ಹಿಗ್ಗಿಸಿ ರೊಟ್ಟಿ ಲಟ್ಟಿಸಿದಂತೆ ಮಾಡಿದ ಬೋರ್ಡುಗಳಿವೆ, ಉದ್ದಕ್ಕೆ ಎಳೆದು ಕಾಪಿಸ್ಟ್ರಿಪ್ ಹಾಕಿ ನಿಲ್ಲಿಸಿದ ಹಾಗಿರುವವೂ ಇವೆ. ಹಳೆಯ ಇಂಗ್ಲಿಷ್ ಬೋರ್ಡನ್ನು ಕೆಳಗೆ ಹಾಗೇ ಉಳಿಸಿ, ಮೇಲೊಂದು ಹಳದಿ ಫ್ಲೆಕ್ಸ್ ಕಟ್ಟಿ ದಂಡದಿಂದ ಪಾರಾದವರೂ ಇದ್ದಾರೆ. ಬ್ರ್ಯಾಂಡಿನ ಇಂಗ್ಲಿಷ್ ಅಕ್ಷರಕ್ಕೆ ಒಂದು ಬಣ್ಣ, ಒಂದು ದಪ್ಪ, ಒಂದು ಗಾಂಭೀರ್ಯ. ಅದೇ ಹೆಸರಿನ ಕನ್ನಡಕ್ಕೆ ಸಿಕ್ಕಿದ ಫಾಂಟು, ಸಿಕ್ಕಿದ ಬಣ್ಣ. ಅದು ಬೋರ್ಡಿನಲ್ಲಿ ಕೂತಿರುವ ರೀತಿ ನೋಡಿದರೆ ಕರೆಯದೆ ಬಂದ ನೆಂಟನ ನೆನಪಾಗುತ್ತದೆ.

ಇದನ್ನು ಬರೀ ಅಸಡ್ಡೆ ಎಂದು ಬೈದು ಬಿಡುವುದು ಸುಲಭ. ಅಕ್ಷರದ ಒಳಗೇ ಇರುವ ಕಷ್ಟವನ್ನೂ ನೋಡಬೇಕು. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳು ಎಂಬುದೊಂದಿದೆ. ಎಲ್ಲವೂ ಒಂದೇ ಎತ್ತರ, ಮೇಲೆ ಕೆಳಗೆ ಚಾಚು ಇಲ್ಲ, ಪೂರ್ತಿ ಹೆಸರು ಒಂದು ಆಯತದಲ್ಲಿ ಇಟ್ಟಿಗೆ ಜೋಡಿಸಿದಂತೆ ಕೂರುತ್ತದೆ. ಕನ್ನಡಕ್ಕೆ ಆ ಅನುಕೂಲ ಇಲ್ಲ. ಮೇಲೆ ಗುಡಿಸು ಏರುತ್ತದೆ, ಪಕ್ಕಕ್ಕೆ ದೀರ್ಘ ಚಾಚುತ್ತದೆ, ಕೆಳಗೆ ಒತ್ತು ಇಳಿಯುತ್ತದೆ. ಅದರ ಮೇಲೆ ನಮ್ಮ ಅಂಗಡಿಗಳ ಹೆಸರುಗಳು ಕನ್ನಡ ಲಿಪಿಯಲ್ಲಿರುವ ಇಂಗ್ಲಿಷ್. ‘ಎಂಟರ್‌ಪ್ರೈಸಸ್’ ಎಂಬ ಪದವನ್ನೇ ನೋಡಿ. ಅದರ ನಡುವಿನ ‘ಪ್ರೈ’ಗೆ ರಕಾರದ ಒತ್ತೂ ಕೆಳಗೇ ಬರಬೇಕು, ಐತ್ವದ ಸುರುಳಿಯೂ ಕೆಳಗೇ ಬರಬೇಕು. ಇಬ್ಬರೂ ಒಂದೇ ಜಾಗಕ್ಕೆ ಕಾದಾಡುತ್ತಾರೆ. ಬಲಕ್ಕೆ ಜರುಗಿಸಿದರೆ ಪಕ್ಕದ ‘ಸ’ಕಾರದ ಬುಡಕ್ಕೆ ಹೋಗುತ್ತದೆ, ಕೆಳಕ್ಕೆ ಇಳಿಸಿದರೆ ಎರಡನೆಯ ಸಾಲಿನ ಇಂಗ್ಲಿಷಿನ ತಲೆಗೆ ತಾಗುತ್ತದೆ. ಎಸಿಪಿ ಶೀಟಿನ ಮೇಲೆ ಅಕ್ರಿಲಿಕ್ ಅಕ್ಷರ ಅಂಟಿಸುವ ಬೋರ್ಡುಗಳಲ್ಲಿ ಇನ್ನೊಂದು ಫಜೀತಿ. ಇಂಗ್ಲಿಷಿನ ಒಂದೊಂದು ಅಕ್ಷರವೂ ಬಹುಮಟ್ಟಿಗೆ ಒಂದೇ ತುಂಡು. ಕನ್ನಡದ ಒತ್ತನ್ನು ಬೇರೆ ತುಂಡಾಗಿ ಕತ್ತರಿಸಿ ಅಂಟಿಸಬೇಕು. ಚಿಕ್ಕ ತುಂಡು, ಕಡಿಮೆ ಗೋಂದು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿದ್ದುಹೋಗುತ್ತದೆ. ನನ್ನ ದಾರಿಯಲ್ಲಿ ಒಂದು ‘ಬಟೆ ಅಂಗಡಿ’ ಇದೆ. ಅಲ್ಲಿನ ಟಕಾರದ ಒತ್ತು ಬಿದ್ದ ಜಾಗದಲ್ಲಿ ಎರಡು ಗೋಂದಿನ ಕಲೆಗಳಿವೆ.

ಇದಕ್ಕೆ ಕಂಪ್ಯೂಟರಿನ ಚರಿತ್ರೆ ಬೇರೆ ಸೇರಿಕೊಂಡಿದೆ. ಕನ್ನಡದ ಡಿಟಿಪಿ ಬೆಳೆದದ್ದು ಯೂನಿಕೋಡ್ ಬಳಕೆಗೆ ಬರುವ ಮೊದಲು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳಲ್ಲಿ ನಾವು ಕೆಲಸ ಕಲಿತೆವು. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಪುಣೆಯ ‘ಶ್ರೀಲಿಪಿ’ ಇವುಗಳ ಉಪಕಾರ ದೊಡ್ಡದು. ಅವು ಇಲ್ಲದಿದ್ದರೆ ಊರೂರಿನ ಡಿಟಿಪಿ ಅಂಗಡಿಗಳೇ ಇರುತ್ತಿರಲಿಲ್ಲ. ಮುಂದೆ ಯೂನಿಕೋಡ್ ಬಂತು. ಆದರೆ ವಿನ್ಯಾಸದ ತಂತ್ರಾಂಶಗಳ ಹಳೆಯ ಆವೃತ್ತಿಗಳಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಹಾಗಾಗಿಯೇ ‘ಸ್ಟೋರ್ಸ್’ ಎಂದಿರಬೇಕಾದದ್ದು ‘ಸ್‌ಟೋರ್‌ಸ್’ ಎಂದು ಬೋರ್ಡುಗಳ ಮೇಲೆ ಬಂತು. ಈಗಿನ ಆವೃತ್ತಿಗಳಲ್ಲಿ ಅದು ಸರಿಯಾಗುತ್ತದೆ, ಕೆಲವೆಡೆ ಒಂದು ಸೆಟ್ಟಿಂಗ್ ಬದಲಿಸಬೇಕು ಅಷ್ಟೆ. ಆದರೆ ಫ್ಲೆಕ್ಸ್ ಅಂಗಡಿಯಲ್ಲಿ ಓಡುತ್ತಿರುವುದು ಹಳೆಯ ಕೋರೆಲ್‌ಡ್ರಾ, ಹಳೆಯ ನುಡಿ. ಕಲಿಸಿದವರೂ ಅದರಲ್ಲೇ ಕಲಿತವರು.

ಜಿಗಣಿಯ ಅಂಥದೊಂದು ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಪರಿಚಯ ನನಗಿದೆ. ಹೆಸರು ಬೇಡ. ಸಿಂಧನೂರು ಕಡೆಯವನು, ಪಿಯುಸಿ ಮುಗಿಸಿ ಅಣ್ಣನ ಬೆನ್ನು ಹತ್ತಿ ಬಂದವನು. ಅಣ್ಣ ಫ್ಯಾಕ್ಟರಿಗೆ ಹೋದ, ಇವನು ಕಂಪ್ಯೂಟರ್ ಮುಂದೆ ಕೂತ. ಮೊದಲ ಸಲ ಹೋದಾಗ ಗೋಡೆಯ ಮೇಲಿನ ದರಪಟ್ಟಿ ನೋಡಿ, ಡಿಸೈನಿಗೆ ಎಷ್ಟು ಎಂದು ಕೇಳಿದೆ. ಅವನು ನಕ್ಕ. ‘ಡಿಸೈನಿಗೆ ಯಾರ ರೊಕ್ಕ ಕೊಡ್ತಾರ್ರೀ ಸರ? ಅಡಿ ಲೆಕ್ಕ ಅಷ್ಟ.’ ಚದರ ಅಡಿಗೆ ಇಷ್ಟು, ಡಿಸೈನ್ ಉಚಿತ. ಈ ಊರಿನ ಇಡೀ ಉದ್ಯಮದ ಅರ್ಥಶಾಸ್ತ್ರ ಅಷ್ಟರಲ್ಲಿದೆ. ಮಾರುತ್ತಿರುವುದು ಪ್ಲಾಸ್ಟಿಕ್ಕು, ಶಾಯಿ. ಅವನ ಕಣ್ಣು, ಕೈ, ಬುದ್ಧಿ ಅದರ ಜೊತೆಗೆ ಕೊಸರು.

ಆ ಕೊಸರಿನಲ್ಲಿ ಏನೇನಿದೆ ನೋಡಿ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಯಾರ ತಲೆ ಎಷ್ಟು ದೊಡ್ಡದಿರಬೇಕು, ಶಾಸಕರ ಬಲಕ್ಕೆ ಯಾರು, ಶುಭ ಕೋರುವವರ ಸಾಲಿನಲ್ಲಿ ಯಾರ ನಂತರ ಯಾರು ಬರಬೇಕು ಎಂಬ ಲೆಕ್ಕ ಅವನಿಗೆ ಬಾಯಿಪಾಠ. ಅದು ತಪ್ಪಿದರೆ ಜಗಳ ಅಂಗಡಿಗೆ ಬರುತ್ತದೆ. ನಮ್ಮ ರಾಜಕೀಯ ವರದಿಗಾರರಿಗಿಂತ ಮೊದಲು ಅವನಿಗೆ ಊರಿನ ಬಣಗಳು ಗೊತ್ತಾಗುತ್ತವೆ. 2018ರಲ್ಲಿ ಹೈಕೋರ್ಟು ಬೆಂಗಳೂರಿನ ಫ್ಲೆಕ್ಸುಗಳನ್ನು ಇಳಿಸಿ ಎಂದು ಪಾಲಿಕೆಯ ಬೆನ್ನು ಹತ್ತಿದ್ದು ಸರಿಯೇ, ಆ ಕೊಳಕಿನ ಪರವಾಗಿ ನಾನು ವಾದಿಸುತ್ತಿಲ್ಲ. ಆದರೆ ಅದೊಂದು ಪ್ರಕಾರ, ಅದಕ್ಕೂ ವ್ಯಾಕರಣವಿದೆ ಎಂದು ಹೇಳುತ್ತಿದ್ದೇನೆ.

ಅವನ ಕೆಲಸದಲ್ಲಿ ನನ್ನ ಮನಸ್ಸು ಹಿಡಿದದ್ದು ಮಾತ್ರ ಫ್ಲೆಕ್ಸ್ ಅಲ್ಲ, ಒಂದು ಹಾರ್ಡ್‌ವೇರ್ ಅಂಗಡಿಯ ಬೋರ್ಡು. ಅದರಲ್ಲಿ ಮೇಲೆ ಹೇಳಿದ ಆ ಹಾಳು ‘ಎಂಟರ್‌ಪ್ರೈಸಸ್’ ಇದೆ. ಅವನು ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟಿನಿಂದ ಬಿಡಿಸಿ ಬರೀ ಗೆರೆಗಳನ್ನಾಗಿಸಿ, ರಕಾರದ ಒತ್ತಿನ ಬಾಲವನ್ನೂ ಐತ್ವದ ಸುರುಳಿಯನ್ನೂ ಒಂದೇ ಗೆರೆಯಾಗಿ ಕೂಡಿಸಿದ್ದಾನೆ. ಕೆಳಗಿನ ಜಗಳ ಮುಗಿದಿದೆ. ಒತ್ತು ಮೂಲಾಕ್ಷರಕ್ಕೂ ಒಂದು ಕಡೆ ತಾಗುವಂತೆ ಮಾಡಿದ್ದರಿಂದ ಇಡೀ ‘ಪ್ರೈ’ ಒಂದೇ ತುಂಡಾಗಿ ಕತ್ತರಿಸಿ ಬಂದಿದೆ, ಬೀಳುವ ಭಯವಿಲ್ಲ. ಓದುವುದಕ್ಕೆ ಎಲ್ಲೂ ತೊಡಕಿಲ್ಲ. ಇಂಗ್ಲಿಷ್ ಸಾಲನ್ನು ತುಸು ಎಡಕ್ಕೆ ಸರಿಸಿ ಆ ಒತ್ತಿಗೆ ಜಾಗ ಬಿಟ್ಟಿದ್ದಾನೆ. ಅದೇ ಬೀದಿಯ ಬೇರೆಲ್ಲ ಬೋರ್ಡುಗಳಲ್ಲಿ ಇಂಗ್ಲಿಷಿಗಾಗಿ ಕನ್ನಡ ಸರಿದಿದೆ, ಇಲ್ಲಿ ಕನ್ನಡಕ್ಕಾಗಿ ಇಂಗ್ಲಿಷ್ ಸರಿದಿದೆ. ಕನ್ನಡ ಅಕ್ಷರ ವಿನ್ಯಾಸದ ಬಗ್ಗೆ ಯಾರಾದರೂ ಪಠ್ಯ ಬರೆದರೆ ನಾನು ಇದನ್ನು ಉದಾಹರಣೆಯಾಗಿ ಕೊಡುತ್ತೇನೆ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ, ‘ಬಿದ್ದರ ಮತ್ತ ನಾವ ಹೋಗಿ ಏಣಿ ಹತ್ತಬೇಕಲ್ರೀ’ ಅಂದ.

ಇದೇ ಹುಡುಗ ಕೆಲಸ ಬದಲಿಸಬೇಕೆಂದು ಒಂದು ಪೋರ್ಟ್‌ಫೋಲಿಯೊ ಮಾಡಿಕೊಂಡಿದ್ದ. ಫೋನಿನಲ್ಲಿ ತೋರಿಸಿದ. ಹನ್ನೆರಡು ಪುಟ. ಇಲ್ಲದ ಒಂದು ಕಾಫಿ ಅಂಗಡಿಗೆ ಲೋಗೊ, ಇಲ್ಲದ ಒಂದು ಶೂ ಕಂಪನಿಗೆ ಪೋಸ್ಟರು, ಒಂದು ಬರ್ಗರು, ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಒಂದು ಬಾಟಲಿ. ಎಲ್ಲವೂ ಇಂಗ್ಲಿಷಿನಲ್ಲಿ. ಯೂಟ್ಯೂಬಿನಲ್ಲಿ ‘ಗ್ರಾಫಿಕ್ ಡಿಸೈನರ್ ಆಗುವುದು ಹೇಗೆ’ ಎಂದು ಹುಡುಕಿದರೆ ಬರುವ ಉಪದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದ. ಅವನು ನಿಜವಾಗಿ ಮಾಡಿದ, ನಿಜವಾದ ಗೋಡೆಯ ಮೇಲೆ ನಿಂತಿರುವ, ಜನ ದಿನಾ ಓದುವ ಒಂದು ಬೋರ್ಡೂ ಅದರಲ್ಲಿರಲಿಲ್ಲ. ಕೇಳಿದರೆ, ‘ಅದು ಡಿಸೈನ್ ಅಲ್ರೀ ಸರ, ಅದು ಅಂಗಡಿ ಕೆಲಸ.’

ಈ ಮಾತನ್ನು ಅವನಿಗೆ ಕಲಿಸಿದವರು ಯಾರು ಎಂಬುದೇ ನನ್ನ ಪ್ರಶ್ನೆ. ಒಂದು ಪಾಲು ಉತ್ತರ ನಮ್ಮ ವಿನ್ಯಾಸ ಶಿಕ್ಷಣದಲ್ಲಿದೆ. ಬೆಂಗಳೂರಿನಲ್ಲಿ ಅದಕ್ಕೆ ಕೊರತೆಯಿಲ್ಲ. ತುಮಕೂರು ರಸ್ತೆಯಲ್ಲಿ ಎನ್‌ಐಡಿಯ ಕ್ಯಾಂಪಸ್ ಇದೆ, ಯಲಹಂಕದಲ್ಲಿ 1996ರಿಂದ ಸೃಷ್ಟಿ ಇದೆ, ಅವೆಲ್ಲಕ್ಕಿಂತ ಹಳೆಯದಾದ ಚಿತ್ರಕಲಾ ಪರಿಷತ್ತು ಇದೆ. ಜಿಗಣಿಗೆ ಇವೆಲ್ಲ ಊರಿನ ಇನ್ನೊಂದು ತುದಿ. ದೂರ ಕಿಲೋಮೀಟರಿನದ್ದು ಮಾತ್ರವಲ್ಲ. ಐಐಟಿಗಳ ವಿನ್ಯಾಸ ಪದವಿಗೆ ನಡೆಯುವ ಯುಸೀಡ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಖಾಸಗಿ ಕಾಲೇಜುಗಳ ಶುಲ್ಕ ಲಕ್ಷಗಳ ಲೆಕ್ಕದ್ದು. ಕನ್ನಡ ಮಾಧ್ಯಮದ ಒಬ್ಬ ಹುಡುಗನ ಕೈಗೆ ಪೆನ್ಸಿಲ್ ಎಷ್ಟೇ ಒಲಿದಿರಲಿ, ಅಕ್ಷರದ ಕಷ್ಟವನ್ನು ದಿನಾ ಎದುರಿಸುವವನೇ ಆ ಬಾಗಿಲಿನ ಹೊರಗೆ ಉಳಿಯುತ್ತಾನೆ. ಒಳಗೆ ಹೋದವರಲ್ಲಿ ಹಲವರಿಗೆ ಕನ್ನಡ ಓದಲು ಬರುವುದಿಲ್ಲ. ಹೀಗಾಗಿ ‘ಡಿಸೈನರ್’ ಎಂದರೆ ಇಂಗ್ಲಿಷಿನಲ್ಲಿ ಯೋಚಿಸುವವನು, ‘ಡಿಟಿಪಿ ಆಪರೇಟರ್’ ಎಂದರೆ ಅವನು ಮಾಡಿಟ್ಟ ಜಾಗಕ್ಕೆ ಕನ್ನಡ ತುಂಬುವವನು ಎಂಬ ವಿಂಗಡಣೆ ಹುಟ್ಟಿಕೊಂಡಿದೆ. ಇಬ್ಬರ ಸಂಬಳದ ಅಂತರ ಕೆಲಸದ ಅಂತರ ಅಲ್ಲ. ಅದು ಎರಡು ಭಾಷೆಗಳ ಅಂತರ.

ಫ್ಲೆಕ್ಸ್‌ಗಿಂತ ಮುಂಚಿನ ಕಾಲವನ್ನು ಬಂಗಾರ ಎಂದು ಹೇಳುವ ಚಟ ನನಗಿಲ್ಲ. ಬೋರ್ಡು ಬರೆಯುವ ಪೇಂಟರುಗಳ ಬದುಕು ಹಸನಾಗಿಯೇನೂ ಇರಲಿಲ್ಲ. ಆದರೂ ಅಲ್ಲಿ ಎರಡು ಸಂಗತಿಗಳಿದ್ದವು. ಒಂದು, ಏಣಿಯಂಥದೊಂದು ವ್ಯವಸ್ಥೆ. ಹೊಸಬ ಬಂದರೆ ಮೊದಲು ಡಬ್ಬ ತೊಳೆಯುತ್ತಿದ್ದ, ಹಿನ್ನೆಲೆ ಬಣ್ಣ ಬಳಿಯುತ್ತಿದ್ದ, ಆಮೇಲೆ ಗುರು ಬರೆದ ಗೆರೆಯ ಒಳಗೆ ಬಣ್ಣ ತುಂಬುತ್ತಿದ್ದ, ನೆರಳು ಕೊಡುತ್ತಿದ್ದ. ದಾರಕ್ಕೆ ಸುಣ್ಣ ಹಚ್ಚಿ ಗೆರೆ ಹೊಡೆದು ಸ್ವತಃ ಅಕ್ಷರ ಬರೆಯುವ ಹೊತ್ತಿಗೆ ವರ್ಷಗಳು ಕಳೆದಿರುತ್ತಿದ್ದವು. ಅಷ್ಟರಲ್ಲಿ ಒತ್ತಿಗೆ ಎಷ್ಟು ಜಾಗ ಬಿಡಬೇಕೆಂಬುದು ಕೈಗೆ ಗೊತ್ತಾಗಿರುತ್ತಿತ್ತು. ಎರಡು, ಸಹಿ. ಬೋರ್ಡಿನ ಮೂಲೆಯಲ್ಲಿ ಚಿಕ್ಕದಾಗಿ ಇಂಥವರ ‘ಆರ್ಟ್ಸ್’ ಎಂದು ಇರುತ್ತಿತ್ತು. ಆ ಸಹಿ ನೋಡಿ ಪಕ್ಕದ ಊರಿನವರು ಹುಡುಕಿಕೊಂಡು ಬರುತ್ತಿದ್ದರು. ಕಲ್ಲಿನ ಮೇಲೆ ಹೆಸರು ಕೆತ್ತುವುದು ನಮಗೆ ಹೊಸದೂ ಅಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಹೊಯ್ಸಳರ ಇನ್ನಷ್ಟು ಗುಡಿಗಳಲ್ಲಿ ಮಲ್ಲಿತಮ್ಮ ತಮ್ಮ ಕೆಲಸದ ಕೆಳಗೆ ಹೆಸರು ಬಿಟ್ಟುಹೋಗಿದ್ದಾರೆ. ಜಿಗಣಿಯ ಗ್ರಾನೈಟ್ ಅಂಗಡಿಗಳಲ್ಲಿ ಇವತ್ತು ಮನೆಯ ಹೆಸರು, ತೀರಿಕೊಂಡವರ ಹೆಸರು ಕಲ್ಲಿನ ಮೇಲೆ ಕೊರೆಯುವ ಯಂತ್ರಗಳಿವೆ. ಆ ಅಕ್ಷರವನ್ನು ಕೂರಿಸಿದವರ ಹೆಸರು ಅಲ್ಲಿರುವುದಿಲ್ಲ, ಇರಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ. ಹೆಸರಿಲ್ಲದ ಕೆಲಸವನ್ನು ‘ಇದು ನಾನು ಮಾಡಿದ್ದು’ ಎಂದು ತೋರಿಸಿ ಮುಂದಿನ ಕೆಲಸ ಕೇಳುವುದು ಹೇಗೆ? ವೃತ್ತಿ ಎಂದರೆ ಒಂದು ಕೆಲಸ ಇನ್ನೊಂದನ್ನು ಕರೆದುಕೊಂಡು ಬರುವುದು. ಫ್ಲೆಕ್ಸ್ ಅಂಗಡಿಯಲ್ಲಿ ಪ್ರತಿ ಬೆಳಿಗ್ಗೆ ಅವನು ಮತ್ತೆ ಹೊಸಬನೇ.

ಅಂಗಡಿ ಬೋರ್ಡು ಹಾಳಾದರೆ ಏನಾಗುತ್ತದೆ, ಕಣ್ಣಿಗೆ ಹಿತವಿರುವುದಿಲ್ಲ ಅಷ್ಟೇ ತಾನೇ ಎನ್ನುವವರು ಕಾರ್ಖಾನೆಯ ಒಳಗಿನ ಫಲಕಗಳನ್ನು ನೋಡಬೇಕು. ಅವುಗಳನ್ನು ಮಾಡುವುದೂ ಇದೇ ಅಂಗಡಿಗಳೇ. 1948ರ ಕಾರ್ಖಾನೆ ಕಾಯ್ದೆಯಲ್ಲಿ, ಪ್ರದರ್ಶಿಸುವ ಸೂಚನೆಗಳು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು, ಓದಲು ಬರುವಂತೆ ಇಟ್ಟುಕೊಳ್ಳಬೇಕು ಎಂದಿತ್ತು. ಜಿಗಣಿಯ ಒಂದು ಶೆಡ್ಡಿನಲ್ಲಿ ಆ ಭಾಷೆ ಯಾವುದು? ಕನ್ನಡ, ಹಿಂದಿ, ಒಡಿಯಾ, ತಮಿಳು ಎಲ್ಲವೂ ಹೌದು. ನಾನು ನೋಡಿದ ಒಂದು ಪ್ರೆಸ್ ಯಂತ್ರದ ಮೇಲಿನ ಫಲಕದಲ್ಲಿ ಎಚ್ಚರಿಕೆಯ ಇಂಗ್ಲಿಷ್ ಪದ ಅಂಗೈ ಅಗಲ ಇತ್ತು. ಕನ್ನಡ ಕಿರುಬೆರಳಿನ ಉಗುರಿನಷ್ಟು, ಕೆಂಪಿನ ಮೇಲೆ ಕಪ್ಪು, ಒತ್ತುಗಳೆಲ್ಲ ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಕಲೆಯಂತೆ ಕಾಣುತ್ತಿದ್ದವು. ‘ಕೈ ಇಡಬೇಡಿ’ ಎನ್ನುವುದನ್ನು ಓದಲು ಕೈ ಇಡುವಷ್ಟು ಹತ್ತಿರ ಹೋಗಬೇಕಿತ್ತು. ಅಲ್ಲಿ ಅಕ್ಷರದ ಗಾತ್ರ, ಸಾಲುಗಳ ನಡುವಿನ ಜಾಗ, ಬಣ್ಣಗಳ ಆಯ್ಕೆ ಬೆರಳಿನ ಪ್ರಶ್ನೆ. ನನ್ನ ಮಟ್ಟಿಗೆ ಈ ಪಟ್ಟಣದಲ್ಲಿ ಗ್ರಾಫಿಕ್ ಡಿಸೈನಿನ ಅತ್ಯಂತ ಗಂಭೀರವಾದ ಕೆಲಸ ಇದು. ಅದಕ್ಕೂ ಚದರ ಅಡಿಯ ಲೆಕ್ಕವೇ.

ಪ್ಯಾಕೇಜಿಂಗ್ ಎಂಬ ಇನ್ನೊಂದು ಬಾಗಿಲು ಇದೆ. ಕೈಗಾರಿಕಾ ಪ್ರದೇಶ ಎಂದರೆ ಡಬ್ಬ, ಚೀಲ, ಲೇಬಲ್. ಅಲ್ಲಿ ಕಾನೂನೇ ಕನ್ನಡದ ವಿನ್ಯಾಸಕನಿಗೆ ಅಡ್ಡ ನಿಂತಿದೆ. ಪೊಟ್ಟಣದ ಮೇಲಿನ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂದು ಕೇಂದ್ರದ 2011ರ ನಿಯಮಗಳು ಹೇಳುತ್ತವೆ. ಬೇರೆ ಭಾಷೆ ಹಾಕಿದರೆ ಬೇಡ ಎನ್ನುವುದಿಲ್ಲ, ಹಾಕಲೇಬೇಕು ಎನ್ನುವುದೂ ಇಲ್ಲ. ಹಾಗಾಗಿ ಹಾಕುವವರು ಕಡಿಮೆ. ಇಲ್ಲೇ ತಯಾರಾಗುವ ವಸ್ತುಗಳ ಮೇಲೆ ಕನ್ನಡ ಇರಲಿ ಎಂದು ರಾಜ್ಯ ಸರ್ಕಾರ ಈಚೆಗೆ ಹೇಳಿದೆ. ಅದು ನಿಜವಾಗಿ ನಡೆದರೆ ಈ ಹುಡುಗರಿಗೆ ಕೆಲಸ ಬರುತ್ತದೆ. ಆದರೆ ನಾಮಫಲಕದ ಅನುಭವ ನೋಡಿದ ಮೇಲೆ, ಸರಿಯಾದ ಗಾತ್ರ, ಸರಿಯಾದ ಜೋಡಣೆ ಎಂಬ ಮಾತು ಆ ಆದೇಶಗಳ ಒಳಗೆ ಬರದಿದ್ದರೆ ಡಬ್ಬದ ಮೇಲೂ ‘ಸ್‌ಟೋರ್‌ಸ್’ ಬಂದೀತು ಎಂಬ ಹೆದರಿಕೆ ನನಗಿದೆ.

ಈಗ ನಮ್ಮ ಮನೆಯೊಳಕ್ಕೆ, ಪುಸ್ತಕಲೋಕಕ್ಕೆ ಬರೋಣ. ಕನ್ನಡದಲ್ಲಿ ವಿನ್ಯಾಸಕಾರನಿಗೆ ಹೆಸರಿರುವ ಒಂದೇ ಜಾಗ ಅದು. ಚಂದ್ರನಾಥ ಆಚಾರ್ಯ, ಸುಧಾಕರ ದರ್ಬೆ, ಅಪಾರ ಎಂದರೆ ಓದುಗರಿಗೆ ಗೊತ್ತು. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟಕ್ಕೂ ಒಂದು ಪಾಲಿದೆ. ಅಪಾರ ಅವರ ಉದಾಹರಣೆ ಇಲ್ಲಿ ಮುಖ್ಯ. ಅವರು ‘ಮದ್ಯಸಾರ’ದ ಕವಿಯೂ ಹೌದು. ಅವರ ಮುಖಪುಟಗಳಲ್ಲಿ ನನಗೆ ಇಷ್ಟವಾಗುವುದು ಚಿತ್ರಕ್ಕಿಂತ ಹೆಚ್ಚಾಗಿ ಚಿತ್ರಕ್ಕೂ ಶೀರ್ಷಿಕೆಗೂ ನಡುವೆ ನಡೆಯುವ ಮಾತುಕತೆ. ಎರಡೇ ಸಾಲಿನಲ್ಲಿ ಒಂದು ತಿರುವು ಕೊಡುವ ಕವಿಯ ಅಭ್ಯಾಸ ಅಲ್ಲಿ ಕೆಲಸ ಮಾಡುತ್ತದೆ. ಕಾದಂಬರಿಯ ಒಂದು ದೃಶ್ಯವನ್ನು ಬಿಡಿಸಿ ತೋರಿಸುವ ಹಳೆಯ ಪದ್ಧತಿಯಿಂದ ಅದು ಬೇರೆ. ಭಾಷೆಯನ್ನು ಬಲ್ಲವನು ಅಕ್ಷರವನ್ನು ಮುಟ್ಟಿದರೆ ಏನಾಗಬಹುದು ಎಂಬುದಕ್ಕೆ ಅದೊಂದು ಪುರಾವೆ. ಆದರೆ ಈ ಮಾದರಿಯನ್ನು ಜಿಗಣಿಯ ಹುಡುಗನಿಗೆ ದಾರಿ ಎಂದು ತೋರಿಸಲು ನನಗೆ ಬಾಯಿ ಬರುವುದಿಲ್ಲ. ಬರೀ ಕನ್ನಡ ಮುಖಪುಟಗಳಿಂದಲೇ ಸಂಸಾರ ನಡೆಸುವವರನ್ನು ನಾನು ಕಾಣೆ. ಮುಖಪುಟ ಮಾಡುವವರು ಪತ್ರಿಕೆಯಲ್ಲೋ ಜಾಹೀರಾತಿನಲ್ಲೋ ಇನ್ನೊಂದು ಕಾಲು ಊರಿರುತ್ತಾರೆ. ಅಲ್ಲದೆ ಸಣ್ಣ ಪ್ರಕಾಶಕರು ಮುಖಪುಟಕ್ಕೆ ಕೊಡುವ ಗೌರವಧನ ಎಷ್ಟೋ ಸಲ ಗೌರವದಲ್ಲೇ ಮುಗಿಯುತ್ತದೆ. ‘ಡಿಸೈನ್ ಉಚಿತ’ ಎಂಬ ಫಲಕ ಜಿಗಣಿಯ ಅಂಗಡಿಯಲ್ಲಿ ಮಾತ್ರ ಇಲ್ಲ.

ಇನ್ನೊಂದು ದಾರಿ ಫಾಂಟುಗಳದ್ದು. ಅಲ್ಲಿ ಈಗ ಕನ್ನಡಕ್ಕೆ ಒಳ್ಳೆಯ ಕಾಲ. ಎಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’, ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನಡಕ’, ಅಮೆರಿಕದ ಎರಿನ್ ಮೆಕ್‌ಲಾಕ್ಲಿನ್ ಅವರ ‘ಹುಬ್ಬಳ್ಳಿ’, ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬಲೂ ತಮ್ಮ ಎಷ್ಟು ಹಬ್ಬಿದೆಯೆಂದರೆ ಗುಂಡುಗುಂಡನೆಯ ಆ ಅಕ್ಷರವನ್ನು ನೋಡದೆ ಒಂದು ಬೀದಿ ದಾಟುವುದು ಕಷ್ಟ. ಮಕ್ಕಳ ಶಾಲೆಗೂ ಅದೇ, ಮಟನ್ ಅಂಗಡಿಗೂ ಅದೇ, ಶ್ರದ್ಧಾಂಜಲಿಗೂ ಅದೇ. ತಪ್ಪು ಫಾಂಟಿನದ್ದಲ್ಲ. ಯಾವ ಅಕ್ಷರ ಯಾವ ದನಿಯಲ್ಲಿ ಮಾತಾಡುತ್ತದೆ ಎಂದು ನಾವು ಯಾರೂ ಬರೆದು ಚರ್ಚಿಸಿಲ್ಲ. ಸಾವಿನ ಸುದ್ದಿಯನ್ನು ನಗುವ ಅಕ್ಷರದಲ್ಲಿ ಹೇಳಬಾರದು ಎಂದು ಹೇಳಿಕೊಡುವವರು ಇಲ್ಲ. ಮುದ್ರಣದ ಮೊದಲ ದಿನಗಳಲ್ಲಿ, 1843ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತೆಗೆದಾಗ ಒಂದೊ‌ಂದು ಅಕ್ಷರವನ್ನೂ ಯಾರೋ ಒಬ್ಬರು ಕೈಯಾರೆ ಬರೆಯಬೇಕಿತ್ತು. ಅಚ್ಚಿನ ಮೊಳೆಗಳಿಂದ ಇಲ್ಲಿಯವರೆಗೆ ಆ ಕೈಯ ಆಯ್ಕೆಗಳ ಬಗ್ಗೆ ಬಂದಿರುವ ಕನ್ನಡ ಬರಹ, ಛಂದಸ್ಸಿನ ಬಗ್ಗೆ ಬಂದಿರುವುದರ ಪಕ್ಕದಲ್ಲಿಟ್ಟರೆ, ಏನೇನೂ ಅಲ್ಲ.

ಇಷ್ಟರಲ್ಲಿ ಎಐ ಬಂದಿದೆ. ಇಲ್ಲದ ಕಾಫಿ ಅಂಗಡಿಯ ಲೋಗೊವನ್ನು ಅದು ಅರೆ ನಿಮಿಷದಲ್ಲಿ ಮಾಡಿಕೊಡುತ್ತದೆ. ಆ ಹುಡುಗನ ಹನ್ನೆರಡು ಪುಟಗಳ ಬೆಲೆ ಹೀಗೆ ರಾತ್ರೋರಾತ್ರಿ ಇಳಿದುಹೋಗಿದೆ. ಕನ್ನಡದ ಒತ್ತಕ್ಷರಗಳ ಮುಂದೆ ಮಾತ್ರ ಆ ಯಂತ್ರ ಬಹುಕಾಲ ತಡವರಿಸುತ್ತಿತ್ತು, ಈಗಲೂ ಆಗಾಗ ಅಕ್ಷರವಲ್ಲದ ಅಕ್ಷರ ಬರೆದು ಕೊಡುತ್ತದೆ. ಆ ತಡವರಿಕೆ ಬೇಗ ಹೋಗುತ್ತದೆ. ಅಷ್ಟರೊಳಗೆ ಒಂದು ‘ಪ್ರೈ’ಯನ್ನು ಚೆನ್ನಾಗಿ ಕೂರಿಸುವುದು ಒಂದು ವಿದ್ಯೆ, ಅದಕ್ಕೆ ದುಡ್ಡು ಕೊಡಬೇಕು ಎಂದು ಊರಿಗೆ ಗೊತ್ತಾಗಿದ್ದರೆ ಆ ವಿದ್ಯೆ ಉಳಿಯುತ್ತದೆ. ಗೊತ್ತಾಗದಿದ್ದರೆ ಯಂತ್ರ ಸುಮಾರಾಗಿ ಮಾಡಿದ್ದೇ ಸಾಕು ಎನ್ನುತ್ತೇವೆ. ಈಗಲೂ ಹಾಗೇ ತಾನೇ ಎನ್ನುತ್ತಿರುವುದು.

ನಾನು ಆ ಹುಡುಗನಿಗೆ ಹೇಳಿದ್ದು ಇಷ್ಟೆ. ಬರ್ಗರು, ಶೂ ತೆಗೆದುಹಾಕು. ಹಾರ್ಡ್‌ವೇರ್ ಅಂಗಡಿಯ ಬೋರ್ಡನ್ನು ಹಗಲು ಬೆಳಕಿನಲ್ಲಿ ಫೋಟೊ ತೆಗೆ, ಪಕ್ಕದಲ್ಲಿ ಫಾಂಟಿನ ‘ಪ್ರೈ’ ಮತ್ತು ನಿನ್ನ ‘ಪ್ರೈ’ ಎರಡನ್ನೂ ಇಡು, ಏನು ಬದಲಿಸಿದೆ, ಯಾಕೆ ಬದಲಿಸಿದೆ ಎಂದು ನಾಲ್ಕು ಸಾಲು ಕನ್ನಡದಲ್ಲೇ ಬರೆ. ಆ ಪ್ರೆಸ್ ಯಂತ್ರದ ಫಲಕವನ್ನು ಮತ್ತೆ ಮಾಡಿ ತೋರಿಸು. ಅವನಿಗೆ ಅರ್ಧ ನಂಬಿಕೆ, ಅರ್ಧ ಸಂಕೋಚ. ಕೊನೆಗೆ ಆರು ಪುಟ ಮಾಡಿದ. ಕಾಫಿ ಅಂಗಡಿಯನ್ನು ಮಾತ್ರ ಬಿಡಲು ಮನಸ್ಸು ಬರಲಿಲ್ಲವಂತೆ, ಅದು ಏಳನೆಯ ಪುಟವಾಗಿ ಉಳಿಯಿತು.

ಅದನ್ನು ಹಿಡಿದು ನಗರದ ಒಳಗಿನ ಒಂದು ಸ್ಟುಡಿಯೊದ ಸಂದರ್ಶನಕ್ಕೆ ಹೋಗಿಬಂದ. ಬೊಮ್ಮಸಂದ್ರದಿಂದ ಈಗ ಮೆಟ್ರೊ ಇರುವುದರಿಂದ ಹೋಗುವುದೇನೂ ಕಷ್ಟವಿಲ್ಲ. ಅಲ್ಲಿದ್ದ ಇಬ್ಬರಲ್ಲಿ ಒಬ್ಬರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಬೋರ್ಡಿನ ಫೋಟೊ ತೋರಿಸಿ ಇದರಲ್ಲಿ ಏನು ಬರೆದಿದೆ ಎಂದು ಕೇಳಿದರಂತೆ. ಇವನು ತನ್ನ ಹಿಂದಿಯಲ್ಲಿ ಒತ್ತು ಎಂದರೇನು, ಅದು ಯಾಕೆ ಬೀಳುತ್ತದೆ ಎಂದು ಕಾಗದದ ಮೇಲೆ ಬರೆದು ವಿವರಿಸಿದ. ಇನ್ನೊಬ್ಬರು ಕನ್ನಡದವರು, ಅವರು ಮಾತಾಡದೆ ಆ ಕಾಗದ ಎತ್ತಿಟ್ಟುಕೊಂಡರು. ಫೋನ್ ಮಾಡುತ್ತೇವೆ ಎಂದಿದ್ದಾರೆ. ಮೂರು ವಾರವಾಯಿತು. ಮೊನ್ನೆ ಹೋದಾಗ ರಾಜ್ಯೋತ್ಸವದ ಆರ್ಡರುಗಳ ನಡುವೆ ಮುಳುಗಿದ್ದ, ಹಿಂದೆ ಯಂತ್ರ ಹಳದಿ ಕೆಂಪು ಉಗುಳುತ್ತಿತ್ತು. ಒಂದು ಬ್ಯಾನರಿನ ಮೂಲೆಯಲ್ಲಿ, ಅಂಗಡಿಯ ಫೋನ್ ನಂಬರಿನ ಕೆಳಗೆ, ಅಕ್ಷರ ವಿನ್ಯಾಸ ಎಂದು ಚಿಕ್ಕದಾಗಿ ಬರೆದು ತನ್ನ ಹೆಸರಿನ ಮೊದಲಕ್ಷರ ಹಾಕಿದ್ದ. ಮಾಲೀಕರು ನೋಡಿದರೆ ಏನನ್ನುತ್ತಾರೆ ಎಂದು ಕೇಳಿದೆ. ‘ನೋಡಲಿ ಬಿಡ್ರೀ’ ಅಂದ.